ಓರಗೆಯವರ ಮಾತು



ನನ್ನ ತಂಗಿಯ ಮಗನಿಗೆ 24ನೆಯ ವಯಸ್ಸಿನಲ್ಲಿ ಹಾಡ್ಜ್‌ಕಿನ್ ಲಿಂಫೋಮಾ ಎಂದು ಗೊತ್ತಾಯಿತು. ಕುತ್ತಿಗೆಯಲ್ಲಿ ಗಂಟು, ನೋವಿರಲಿಲ್ಲ, ಹಾಗಾಗಿ ಮೂರು ತಿಂಗಳು ಯಾರೂ ಲಕ್ಷ್ಯ ಕೊಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಕಿಮೋಥೆರಪಿ. ಕರೆದುಕೊಂಡು ಹೋಗುವ ಕೆಲಸ ನಿವೃತ್ತನಾದ ನನ್ನದಾಯಿತು. ಲೋಕೋಪಯೋಗಿ ಇಲಾಖೆಯಲ್ಲಿ ಸವೆದವನಿಗೆ ವರದಿ, ಬಿಲ್ಲು, ಕಡತ ಹೊಸದಲ್ಲ. ಎಲ್ಲವನ್ನೂ ಅನುಕ್ರಮವಾಗಿ ಜೋಡಿಸಿಟ್ಟೆ. ಹುಡುಗ ಮಾತ್ರ ದಿನದಿನಕ್ಕೆ ಮೌನವಾದ.

ವಾರ್ಡಿನಲ್ಲಿ ಇದ್ದವರೆಲ್ಲ ನನ್ನ ವಯಸ್ಸಿನವರು. ಆಚೆಗೆ ಮಕ್ಕಳ ವಿಭಾಗ. 15ರಿಂದ 39 ವರ್ಷದವರನ್ನು ಬೇರೆಯೇ ಗುಂಪೆಂದು ಕ್ಯಾನ್ಸರ್ ತಜ್ಞರು ಎಣಿಸುತ್ತಾರೆ. ಓದು, ನೌಕರಿ, ಮದುವೆ, ಮಕ್ಕಳು ಎಲ್ಲ ಬರುವುದು ಆ ವಯಸ್ಸಿನಲ್ಲೇ. ಪಕ್ಕದ ಹಾಸಿಗೆಯ ಹಿರಿಯರು "ಎಲ್ಲಾ ನೋಡಿ ಆತು, ಇನ್ನೇನೈತಿ" ಎನ್ನುತ್ತಿದ್ದರು. ಇವನು ಏನು ನೋಡಿದ್ದ?

ತಪ್ಪು ನನ್ನದೂ ಇತ್ತು. "ಕೇಳಿದವರಿಗೆ ಕಾಮಾಲೆ ಅಂತ ಹೇಳ್ರಿ, ನಾಳೆ ಹೆಣ್ಣು ಕೊಡುವವರು ಹಿಂಜರಿಯುತ್ತಾರೆ" ಎಂದು ಮನೆಯವರಿಗೆ ಹೇಳಿಕೊಟ್ಟವನು ನಾನೇ. ಬಿರುಕಿಗೆ ಸುಣ್ಣ ಬಳಿಯಬೇಡಿ, ಗಾಜಿನ ಪಟ್ಟಿ ಅಂಟಿಸಿ ಅದು ಬೆಳೆಯುತ್ತಿದೆಯೇ ನೋಡಿ ಎಂದು ಕಿರಿಯ ಎಂಜಿನಿಯರುಗಳಿಗೆ ಬುದ್ಧಿ ಹೇಳುತ್ತಿದ್ದೆ! ಆ ಸುಳ್ಳನ್ನು ಕಾಯಲು ಹುಡುಗ ಗೆಳೆಯರ ಫೋನು ಎತ್ತುವುದನ್ನೇ ಬಿಟ್ಟ.

ನಾಲ್ಕನೆಯ ಸಲ ಹೋದಾಗ ನರ್ಸ್ ಒಬ್ಬರು, ಇದೇ ಕಾಯಿಲೆಯಿಂದ ಗುಣವಾಗಿ ತಪಾಸಣೆಗೆ ಬಂದಿದ್ದ ಹಾವೇರಿ ಕಡೆಯ ಯುವಕನನ್ನು ಒಪ್ಪಿಸಿ ಇವನ ಪಕ್ಕ ಕೂರಿಸಿದರು. "ಮಾಮಾ, ಚಾ ತರ್ತೀರೇನ್ರಿ?" ಎಂದ ಇವನು. ನನ್ನನ್ನು ಹೊರಗೆ ಕಳಿಸುವ ಉಪಾಯ. ಮರಳಿದಾಗ ಇಬ್ಬರೂ ನಗುತ್ತಿದ್ದರು. ಕೆಂಪು ಔಷಧಿ ಏರಿಸಿದ ದಿನ ಮೂತ್ರ ಕೆಂಪಾದದ್ದನ್ನು ಕಂಡು ಇಬ್ಬರೂ ರಕ್ತವೆಂದೇ ಹೆದರಿದ್ದರಂತೆ. ನನಗೆ ಅವನು ಅದನ್ನು ಹೇಳಿರಲೇ ಇಲ್ಲ.

ಮುಂದೆ ತಂದೆಯಾಗಬಲ್ಲೆನೇ ಎಂಬ ಚಿಂತೆ ಅವನನ್ನು ಕೊರೆಯುತ್ತಿದ್ದುದೂ ಆಮೇಲೆಯೇ ತಿಳಿಯಿತು. ಕೆಲವು ಚಿಕಿತ್ಸೆಗಳಿಂದ ಸಂತಾನಶಕ್ತಿ ಕುಂದಬಹುದು. ಮೊದಲೇ ವೀರ್ಯ ಅಥವಾ ಅಂಡಾಣುಗಳನ್ನು ಶೀತಲೀಕರಿಸಿ ಕಾಯ್ದಿಡುವ ವ್ಯವಸ್ಥೆಯಿದೆ. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸೋದರಮಾವನ ಮುಂದೆ ಯಾವ ಹುಡುಗ ಆ ಮಾತು ಎತ್ತಿಯಾನು?

ವಿಷಯ ಗೊತ್ತಿದ್ದ ನಾಲ್ಕು ಜನರೂ ಯುವರಾಜ್ ಸಿಂಗ್ ಉದಾಹರಣೆ ಕೊಡುತ್ತಿದ್ದರು. 2012ರಲ್ಲಿ ಚಿಕಿತ್ಸೆ ಮುಗಿಸಿ ಅದೇ ವರ್ಷ ತಂಡಕ್ಕೆ ಮರಳಿದ ಆಟಗಾರ, ನಿಜ. ಆದರೆ ರಾತ್ರಿ ಎರಡಕ್ಕೆ ಫೋನು ಎತ್ತುವವನು ಹಾವೇರಿಯವನೇ. ಅವನ ಮೂಲಕ ಇನ್ನೂ ಐದಾರು ಮಂದಿ ಪರಿಚಯವಾದರು. ಅವರಲ್ಲೊಬ್ಬ ಹುಡುಗಿ ತೀರಿಕೊಂಡಾಗ ಇವನು ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ಈ ಗೆಳೆತನ ಸಾಕು ಎಂದೆ. "ಅವರ ಮನೆಗೆ ಹೋಗಿ ಬರೋಣ ನಡೀರಿ" ಎಂದ.

ಮುಂಬೈಯಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ, ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರ 'ಉಗಮ್' ಎಂಬ ಗುಂಪು 2009ರಿಂದ ಇದೆ. ನಮ್ಮ ಊರುಗಳಲ್ಲೂ ಯುವಕರಿಗೆ ಅಂಥದೊಂದು ಬೇಕು. ಮಠಗಳಲ್ಲಿ ಕೋಣೆಗಳಿವೆ. ತಿಂಗಳಿಗೊಂದು ಭಾನುವಾರ ಒಂದನ್ನು ಬಿಟ್ಟುಕೊಡಿ. ಜಾತಿ ಕೇಳಬೇಡಿ. ಪ್ರವಚನ, ಮೈಕು, ಸನ್ಮಾನ ಯಾವುದೂ ಬೇಡ. ಹಿರಿಯರು ಬಾಗಿಲ ಹೊರಗೇ ಇರೋಣ. ಔಷಧಿಯ ಪ್ರಶ್ನೆ ವೈದ್ಯರಿಗೇ ಇರಲಿ. ಬಿಳಿ ರಕ್ತಕಣ ಇಳಿದಿರುವಾಗ ಜನರ ನಡುವೆ ಬರುವಂತಿಲ್ಲ, ಅಂಥವರಿಗೆ ಫೋನು ಸಾಕು.

ನಮ್ಮೂರಲ್ಲಿ ಬರುವ ತಿಂಗಳು ಶುರು. ಕಾಯಿಲೆಯ ಹೆಸರನ್ನು ತಾನೇ ಮೊದಲು ಹೇಳುತ್ತೇನೆಂದು ಹುಡುಗ ಒಪ್ಪಿದ್ದಾನೆ.