ಟಿಟಿ ಡ್ರೈವರ್ ಯಾವಾಗ ಮಲಗಬೇಕು?

ನಮ್ಮ ಕಡೆ ಟ್ರಿಪ್ ಅಂದರೆ ಟಿಟಿ. ಹಿರಿಯೂರಿರಲಿ, ಹೊಸದುರ್ಗವಿರಲಿ, ಅಡಿಕೆ ದುಡ್ಡು ಕೈಗೆ ಬಂದ ಮೇಲೋ, ಶೇಂಗಾ ಕಿತ್ತು ಮುಗಿದ ಮೇಲೋ, ಹತ್ತು ಹನ್ನೆರಡು ಜನ ಗೆಳೆಯರು ತಲೆಗಿಷ್ಟು ಅಂತ ಹಾಕಿ ಒಂದು ಟೆಂಪೊ ಟ್ರಾವೆಲರ್ ಮಾತಾಡುತ್ತಾರೆ. ದಾರಿ ಹೆಚ್ಚಾಗಿ ಪಶ್ಚಿಮಕ್ಕೇ. ಧರ್ಮಸ್ಥಳ, ಕೊಲ್ಲೂರು, ಉಡುಪಿ, ಮುರ್ಡೇಶ್ವರ, ಗೋಕರ್ಣ. ದೇವರ ಹೆಸರು ಹೇಳಿ ಹೊರಟರೂ ಒಳಗಿನ ಆಸೆ ಕಡಲಿನದು. ಬಯಲುಸೀಮೆಯವರಿಗೆ ತುಂಬಿದ ನೀರು ಕಂಡರೆ ಸಾಕು, ಕಾಲು ನಿಲ್ಲುವುದಿಲ್ಲ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ ಮಾರಿಕಣಿವೆಗೆ ಜನ ಹೇಗೆ ಹೋದರು ಅಂತ ನೆನಪಿದೆಯಲ್ಲ? ಕೋಡಿ ನೀರಿಗೇ ಹಾಗೆ ಕುಣಿದವರು ನಾವು. ಇನ್ನು ಕಡಲು ಕಂಡರೆ ಕೇಳಬೇಕೆ.

ಈಗ ಫೋನಿನಲ್ಲಿ ನೀವೂ ನೋಡಿರುತ್ತೀರಿ. ಗೆಳೆಯರೆಲ್ಲ ಒಂದು ವ್ಯಾನ್ ಹತ್ತಿ ಕಡಲ ದಂಡೆಯುದ್ದಕ್ಕೂ ಹೋಗುವ ವಿಡಿಯೊಗಳು. ವ್ಯಾನಿನಲ್ಲೇ ಒಲೆ, ವ್ಯಾನಿನಲ್ಲೇ ಹಾಸಿಗೆ. ಅದಕ್ಕೆ ಕ್ಯಾಂಪರ್ ಅನ್ನುತ್ತಾರೆ. ಅಮೆರಿಕ, ಕೆನಡಾದವರು ಚಳಿಗಾಲ ಬಂದರೆ ಇಂಥ ಗಾಡಿ ತಗೊಂಡು ಮೆಕ್ಸಿಕೊ ಕಡೆ ಇಳಿಯುತ್ತಾರೆ. ಅಲ್ಲಿ ಬಾಹಾ ಕ್ಯಾಲಿಫೋರ್ನಿಯಾ ಅಂತ ಉದ್ದ ನಾಲಿಗೆಯಂಥ ನೆಲ, ಒಂದು ಪಕ್ಕ ಪೆಸಿಫಿಕ್ ಸಾಗರ, ಇನ್ನೊಂದು ಪಕ್ಕ ಕೊಲ್ಲಿ. ಅದರ ಮಧ್ಯೆ ಮೇಲಿನಿಂದ ಕೆಳಗಿನವರೆಗೆ ಹೋಗುವ ಹೆದ್ದಾರಿ ಪೂರ್ತಿಯಾದದ್ದು 1973ರಲ್ಲಿ. ಉದ್ದ ಸುಮಾರು 1,700 ಕಿಲೋಮೀಟರ್. ಅಕ್ಕಪಕ್ಕ ಒಣ ಬಯಲು, ಕಲ್ಲುಗುಡ್ಡ, ಕಳ್ಳಿ. ನೋಡಿದರೆ ಹಿರಿಯೂರು ದಾಟಿದ ಹಾಗೇ ಇರುತ್ತದೆ. (ನಮ್ಮ ಹೊಲದ ಬದುವಿನ ಪಾಪಸ್ ಕಳ್ಳಿ ಕೂಡ ಹಿಂದೆ ಅಮೆರಿಕ ಖಂಡದಿಂದಲೇ ಬಂದದ್ದು.)

ಆ ದಾರಿಯಲ್ಲಿ ಓಡಾಡುವವರು ಹೊಸಬರಿಗೆ ಮೊದಲು ಹೇಳುವ ಬುದ್ಧಿಮಾತು ಒಂದೇ: ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ. ಯಾಕೆ ಅಂದರೆ ರಸ್ತೆಗೆ ಬೇಲಿಯಿಲ್ಲ, ದೀಪವಿಲ್ಲ, ಮೇಯಲು ಬಿಟ್ಟ ದನ ರಾತ್ರಿ ರಸ್ತೆಗೆ ಬರುತ್ತವೆ. ಹಾಗಾಗಿ ಹೊತ್ತು ಮುಳುಗುವ ಮೊದಲೇ ಯಾವುದಾದರೂ ಕ್ಯಾಂಪಿನಲ್ಲೋ ದಂಡೆಯಲ್ಲೋ ಗಾಡಿ ನಿಲ್ಲಿಸಿ, ಬೇಯಿಸಿಕೊಂಡು ತಿಂದು ಮಲಗುತ್ತಾರೆ. ದೊಡ್ಡ ಗಾಡಿ, ಮೆತ್ತನೆಯ ಹಾಸಿಗೆ ಇರುವವರೇ ರಾತ್ರಿ ರಸ್ತೆಗೆ ಹೆದರುತ್ತಾರೆ.

ನಾವು ಏನು ಮಾಡುತ್ತೇವೆ? ಶುಕ್ರವಾರ ರಾತ್ರಿ ಹತ್ತಕ್ಕೆ ಊರ ಬಾಗಿಲಲ್ಲಿ ತೆಂಗಿನಕಾಯಿ ಒಡೆದು ಹೊರಡುತ್ತೇವೆ. ಬೆಳಗಾಗುವಷ್ಟರಲ್ಲಿ ಘಟ್ಟ ಇಳಿದಿರಬೇಕು. ಶನಿವಾರ ಪೂರ್ತಿ ದೇವಸ್ಥಾನ, ಬೀಚು, ಮತ್ತೆ ದೇವಸ್ಥಾನ. ಭಾನುವಾರವೂ ಅದೇ. ಭಾನುವಾರ ರಾತ್ರಿ ಊಟ ಮುಗಿಸಿ ಮತ್ತೆ ಘಟ್ಟ ಹತ್ತಿ, ಸೋಮವಾರ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಮನೆ. ಚಿತ್ರದುರ್ಗದಿಂದ ಗೋಕರ್ಣಕ್ಕೆ ಹೋಗಿಬರಲು ಆರುನೂರು ಕಿಲೋಮೀಟರ್‌ಗೂ ಹೆಚ್ಚು. ಹನ್ನೆರಡು ಜನ ಸೀಟಿಗೊರಗಿ ಗೊರಕೆ ಹೊಡೆಯುತ್ತಾರೆ. ಹದಿಮೂರನೆಯವನು ಸ್ಟೇರಿಂಗ್ ಹಿಡಿದಿರುತ್ತಾನೆ. ಹಗಲಾದರೂ ಮಲಗಲಿ ಅಂದರೆ, ಪಾರ್ಕಿಂಗಿನ ಬಿಸಿಲಲ್ಲಿ ತಗಡಿನ ಗಾಡಿಯೊಳಗೆ ಯಾರಿಗೆ ನಿದ್ದೆ ಬರುತ್ತದೆ? ಒಬ್ಬರು ಬ್ಯಾಗ್ ಬೇಕು ಅಂತ ಬಾಗಿಲು ತಟ್ಟುತ್ತಾರೆ, ಇನ್ನೊಬ್ಬರು ಚಾರ್ಜರ್ ಬೇಕು ಅಂತ.

ತಾಲ್ಲೂಕು ಸುದ್ದಿ ಬರೆಯುವ ನಮಗೆ ಅಪಘಾತದ ಫೋನು ಬರುವ ಹೊತ್ತು ಬಾಯಿಪಾಠವಾಗಿದೆ. ಬೆಳಗಿನ ಜಾವ ಮೂರರಿಂದ ಐದು. ವರದಿಯ ಸಾಲೂ ಹೆಚ್ಚು ಕಡಿಮೆ ಅದೇ: ನಿಂತಿದ್ದ ಲಾರಿಗೆ ಹಿಂದಿನಿಂದ ಡಿಕ್ಕಿ. 2024ರ ಜೂನ್ 28ರ ಬೆಳಗಿನ ಜಾವ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ಆದದ್ದನ್ನು ಯಾರೂ ಮರೆತಿಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು ದೇವರ ದರ್ಶನ ಮುಗಿಸಿ ಟಿಟಿಯಲ್ಲಿ ವಾಪಸ್ ಬರುತ್ತಿದ್ದರು. ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಗಾಡಿ ಬಡಿಯಿತು. ಸತ್ತವರು 13 ಜನ. ಒಂದು ಸಣ್ಣ ಹಳ್ಳಿಯಲ್ಲಿ ಒಂದೇ ದಿನ ಅಷ್ಟು ಹೆಣ ಇಳಿಸಿದರೆ ಹೇಗಿರುತ್ತದೆ ಅಂತ ಬರೆದು ತಿಳಿಸಲಾಗದು. ಹೆದ್ದಾರಿ ಬದಿಯಲ್ಲಿ ಲಾರಿ ನಿಲ್ಲಿಸುವುದು ತಪ್ಪು, ಸರಿ. ಆದರೆ ಲಾರಿಯವನೂ ಯಾಕೆ ಅಲ್ಲಿ ನಿಲ್ಲಿಸುತ್ತಾನೆ? ಅವನಿಗೂ ಮಲಗಲು ಬೇರೆ ಜಾಗವಿಲ್ಲ.

ರಾತ್ರಿ ಓಡಿಸುವುದಕ್ಕೆ ಡ್ರೈವರ್ ಹಟ ಕಾರಣವಲ್ಲ. ಬಾಡಿಗೆ ಲೆಕ್ಕ ಹಾಗಿದೆ. ಟಿಟಿ ಬಾಡಿಗೆ ದಿನದ ಲೆಕ್ಕ. ದಿನಕ್ಕೆ ಸಾಮಾನ್ಯವಾಗಿ ಕನಿಷ್ಠ 250-300 ಕಿಲೋಮೀಟರ್ ಅಂತ ಹಿಡಿಯುತ್ತಾರೆ, ಓಡಿಸಿದರೂ ಅಷ್ಟೇ, ನಿಂತರೂ ಅಷ್ಟೇ. ರಾತ್ರಿ ನಿಲ್ಲಿಸಿದರೆ ಒಂದು ದಿನ ಹೆಚ್ಚು, ಅದರ ಮೇಲೆ ಡ್ರೈವರ್ ಬಾಟಾ, ಹನ್ನೆರಡು ಜನಕ್ಕೆ ಲಾಡ್ಜು. ಎಲ್ಲ ಕೂಡಿಸಿದಾಗ ಗುಂಪಿನಲ್ಲಿ ಒಬ್ಬ ಹೇಳೇ ಹೇಳುತ್ತಾನೆ, ‘ರಾತ್ರಿ ಹೊಡ್ಕೊಂಡು ಹೋಗಿಬಿಡಾಣ, ಹಗಲು ಉಳಿತದೆ.’ ಗಾಡಿ ಮಾಲೀಕನಿಗೂ ಸೋಮವಾರ ಬೆಳಗ್ಗೆ ಇನ್ನೊಂದು ಬಾಡಿಗೆ ಕಾದಿರುತ್ತದೆ. ಡ್ರೈವರ್‌ನ ಕೇಳುವವರಿಲ್ಲ. ಕೇಳಿದರೂ ಅವನು ‘ಅಭ್ಯಾಸ ಐತಿ ಸಾರ್’ ಅನ್ನುತ್ತಾನೆ. ಇಲ್ಲ ಅಂದರೆ ಮುಂದಿನ ಬಾಡಿಗೆಗೆ ಬೇರೆಯವನನ್ನು ಕರೆಯುತ್ತಾರೆ ಅಂತ ಅವನಿಗೆ ಗೊತ್ತು.

ಇನ್ನು ಬಾಡಿಗೆ ಉಳಿಸಲು ವೈಟ್ ಬೋರ್ಡ್ ಗಾಡಿ ತಗೊಂಡು ಹೋಗುವವರದು ಇನ್ನೊಂದು ಕತೆ. ಏನಾದರೂ ಆದರೆ ಬಾಡಿಗೆಗೆ ಓಡಿಸಿದ ಖಾಸಗಿ ಗಾಡಿ ಅಂತ ವಿಮೆ ಕಂಪನಿ ತಕರಾರು ತೆಗೆಯುತ್ತದೆ. ಸದ್ಯಕ್ಕೆ ಅಷ್ಟು ನೆನಪಿಟ್ಟುಕೊಳ್ಳಿ.

ದುಡಿಮೆ ಗಂಟೆಗೆ ಮಿತಿ ಇಲ್ಲವೇ ಅಂದರೆ, 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಬರೆದರು: ದಿನಕ್ಕೆ ಎಂಟು ಗಂಟೆ, ದೂರದ ದಾರಿಯಾದರೆ ಹತ್ತು, ಐದು ಗಂಟೆ ಓಡಿಸಿದರೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ನಾವು ಶುಕ್ರವಾರದಿಂದ ಸೋಮವಾರದವರೆಗೆ ಓಡಿಸುವುದನ್ನು ಆ ಲೆಕ್ಕಕ್ಕೆ ಹಿಡಿದು ನೋಡಿ. ಚೆಕ್‌ಪೋಸ್ಟಿನಲ್ಲಿ ಪರ್ಮಿಟ್ ಕೇಳುತ್ತಾರೆ, ಲೈಸೆನ್ಸ್ ಕೇಳುತ್ತಾರೆ. ‘ಎಷ್ಟು ಹೊತ್ತಾಯ್ತಪ್ಪ ನೀನು ಮಲಗಿ’ ಅಂತ ಕೇಳಿದ್ದನ್ನು ನಾವಂತೂ ಕಂಡಿಲ್ಲ.

ಹಾಗೆ ನೋಡಿದರೆ ಗಾಡಿಯಲ್ಲೇ ಸಂಸಾರ ಹೂಡಿ ಊರು ತಿರುಗುವುದು ಈ ಜಿಲ್ಲೆಗೆ ಹೊಸದಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಪರದೆ, ಪರಿಕರ ಎಲ್ಲ ಕಟ್ಟಿಕೊಂಡು ನಾಡೆಲ್ಲ ನಾಟಕ ಆಡುತ್ತಿದೆ. ಅದಕ್ಕೂ ಹಿಂದೆ ಹಿರಿಯೂರು ತೇರುಮಲ್ಲೇಶ್ವರನ ಜಾತ್ರೆಗೆ, ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಗೆ ಕಮಾನು ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರಲ್ಲ, ಅದೇ ನಮ್ಮ ಕ್ಯಾಂಪರ್. ಬಂಡಿಯಲ್ಲಿ ರಾಗಿಹಿಟ್ಟು, ಕಾರದಪುಡಿ, ಪಾತ್ರೆ, ಕಂಬಳಿ. ಬಂಡಿ ಕೆಳಗೆ ಮಕ್ಕಳು ಮಲಗುವುದು. ಹರದಾರಿ ಲೆಕ್ಕದಲ್ಲಿ ಪಯಣ. ಬೇಸಿಗೆಯಲ್ಲಿ ಬೆಳದಿಂಗಳು ನೋಡಿಕೊಂಡು ರಾತ್ರಿ ಹೊಡೆದರೂ ಹಗಲು ತೋಪಿನ ನೆರಳಲ್ಲಿ ಬಂಡಿ ಬಿಡುತ್ತಿದ್ದರು. ಎತ್ತಿಗೆ ನೀರು, ಮೇವು, ಮೆಲುಕು ಹಾಕಲು ಹೊತ್ತು ಕೊಡದೆ ಯಾರೂ ಮುಂದಕ್ಕೆ ಹೂಡುತ್ತಿರಲಿಲ್ಲ. ಎತ್ತಿಗೆ ಕೊಟ್ಟ ಆ ಹೊತ್ತು ಡ್ರೈವರ್‌ಗೆ ಸಿಗುತ್ತಿಲ್ಲ.

ಆ ತೋಪುಗಳ ಮಾತಿಗೇ ಬರೋಣ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಗುಂಡುತೋಪು ಅಂತ ಜಾಗ ಬಿಟ್ಟಿರುತ್ತಿದ್ದರು. ಮಾವು, ಹುಣಸೆ, ಹೊಂಗೆ, ನೇರಳೆ. ಪಕ್ಕದಲ್ಲಿ ಬಾವಿಯೋ ಕಟ್ಟೆಯೋ. ದಾರಿಹೋಕರು ಇಳಿದುಕೊಳ್ಳಲಿ ಅಂತಲೇ ಮಾಡಿದ್ದು. ಪಹಣಿಯಲ್ಲಿ ಈಗಲೂ ಹಲವು ಕಡೆ ಸರ್ಕಾರಿ ಗುಂಡುತೋಪು ಅಂತಲೇ ಇದೆ. ಜಾಗಕ್ಕೆ ಹೋಗಿ ನೋಡಿದರೆ ಒಂದು ಮೂಲೆಯಲ್ಲಿ ಮೂರು ಹುಣಸೆಮರ, ಉಳಿದದ್ದು ಯಾರದೋ ಕಣ, ಯಾರದೋ ಶೆಡ್ಡು, ಇಲ್ಲವೇ ಊರ ಕಸ.

ಸರ್ಕಾರಗಳಿಗೂ ಈಗ ಗಾಡಿಯಲ್ಲಿ ತಿರುಗುವವರ ಮೇಲೆ ಪ್ರೀತಿ ಬಂದಿದೆ. ಕೇರಳ 2021ರಲ್ಲಿ ಕ್ಯಾರವಾನ್ ಕೇರಳಂ ಅಂತ ಶುರು ಮಾಡಿತು. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಮಾತು ಬಂದಿದೆ. ಬೇಡ ಅನ್ನುವುದಿಲ್ಲ. ಆದರೆ ಎಸಿ, ಫ್ರಿಜ್ಜು, ಶವರ್ ಇರುವ ಆ ಗಾಡಿ ಯಾರಿಗೆ? ಈ ನಾಲ್ಕು ತಾಲ್ಲೂಕಿನಿಂದ ರಜೆ ದಿನಗಳಲ್ಲಿ ಹೊರಡುವ ಟಿಟಿ, ಕ್ರೂಸರ್, ಮಿನಿ ಬಸ್ಸುಗಳನ್ನು ಹೊಳಲ್ಕೆರೆ ಸರ್ಕಲ್‌ನಲ್ಲಿ ಒಂದು ಸಂಜೆ ನಿಂತು ಎಣಿಸಿದರೆ ಯಾರು ಪ್ರವಾಸಿಗರು ಅಂತ ಗೊತ್ತಾಗುತ್ತದೆ. ಇವರಿಗೆ ಬೇಕಿರುವುದು ದೀಪ, ನೀರು, ಬಾಗಿಲಿರುವ ಶೌಚಾಲಯ, ಗಾಡಿ ನಿಲ್ಲಿಸಿ ನಿರ್ಭಯವಾಗಿ ಮಲಗುವ ಜಾಗ. ದೊಡ್ಡ ಹೆದ್ದಾರಿಗಳಲ್ಲಿ 40-60 ಕಿಲೋಮೀಟರ್‌ಗೆ ಒಂದರಂತೆ ವಿಶ್ರಾಂತಿ ತಾಣ ಮಾಡುತ್ತೇವೆ ಅಂತ ಹೆದ್ದಾರಿ ಪ್ರಾಧಿಕಾರ ಹೇಳುತ್ತಿದೆ. ಆದರೆ ಹೊಸದುರ್ಗದವರು ಚಾರ್ಮಾಡಿ ಇಳಿಯಲು ಹಿಡಿಯುವ ಕಡೂರು, ಚಿಕ್ಕಮಗಳೂರು, ಕೊಟ್ಟಿಗೆಹಾರದ ದಾರಿಗೂ, ಹೊಳಲ್ಕೆರೆಯವರು ಹಿಡಿಯುವ ಶಿವಮೊಗ್ಗ, ಸಾಗರದ ದಾರಿಗೂ ಅದು ಯಾವಾಗ ಬಂದೀತು?

ದಾರಿಯ ಬದಿಯ ಪಂಚಾಯಿತಿಗಳು ತಮ್ಮ ತೋಪಿನಲ್ಲೇ ಇದನ್ನು ಮಾಡಬಹುದು ಅಂತ ನಮ್ಮ ವಾದ. ಒಂದು ಬೋರು, ನಾಲ್ಕು ನಲ್ಲಿ, ಹೆಂಗಸರಿಗೆ ಬೇರೆ ಗಂಡಸರಿಗೆ ಬೇರೆ ಶೌಚಾಲಯ, ಎರಡು ದೊಡ್ಡ ದೀಪ, ಒಬ್ಬ ಕಾವಲುಗಾರ. ಅಡುಗೆಗೆ ಒಂದು ತಗಡಿನ ಚಪ್ಪರ. ಡ್ರೈವರ್‌ಗಳಿಗೆ ಫ್ಯಾನ್ ಇರುವ ಒಂದು ಕೋಣೆ, ಅದು ಮಾತ್ರ ಗುಂಪಿನಿಂದ ದೂರ ಇರಬೇಕು, ಹಾಡು ಹಚ್ಚಿಕೊಂಡು ಕುಣಿಯುವವರ ಪಕ್ಕ ಇಟ್ಟರೆ ಏನು ಪ್ರಯೋಜನ. ಗಾಡಿಗೆ ಇನ್ನೂರು ರೂಪಾಯಿ ತಗೊಳ್ಳಲಿ, ನಾವು ಖುಷಿಯಿಂದ ಕೊಡುತ್ತೇವೆ. ಆ ಊರಿನ ಸ್ತ್ರೀಶಕ್ತಿ ಸಂಘದವರು ಬೆಳಗ್ಗೆ ಇಡ್ಲಿ ಬೇಯಿಸಿದರೆ ಅವರಿಗೂ ನಾಲ್ಕು ಕಾಸು. ಹೆಂಗಸರನ್ನು ಕರೆದುಕೊಂಡು ಹೋದವರಿಗೆ ಗೊತ್ತು, ದಾರಿಯುದ್ದಕ್ಕೂ ಅವರು ನೀರೇ ಕುಡಿಯುವುದಿಲ್ಲ. ಬಂಕಿನಲ್ಲಿ ಶೌಚಾಲಯ ಇದ್ದರೂ ರಾತ್ರಿ ಎಷ್ಟೋ ಕಡೆ ಬೀಗ.

ನಮ್ಮ ಬಳಗದಲ್ಲಿ ಹಿರಿಯೂರಿನವರು, ದುರ್ಗದವರು, ಹೊಳಲ್ಕೆರೆ, ಹೊಸದುರ್ಗದವರು ಎಲ್ಲ ಇದ್ದೇವೆ. ನಾವು ಹೊರಡುವುದು ಶುಕ್ರವಾರ ಮಧ್ಯಾಹ್ನ ಊಟ ಮಾಡಿಕೊಂಡು. ಹೊಸದುರ್ಗದವರು ಹೊಳಲ್ಕೆರೆಗೆ ಬಂದು ಹತ್ತುತ್ತಾರೆ. ರಾತ್ರಿ ಒಂಬತ್ತರೊಳಗೆ ಸಾಗರದಲ್ಲಿ ಗಾಡಿ ನಿಲ್ಲಬೇಕು, ಅದು ಕರಾರು. ಮೊದಲ ಸಲ ಹಾಗೆ ನಿಲ್ಲಿಸಲು ಹೇಳಿದಾಗ ಡ್ರೈವರ್ ಹಿಂದೆ ತಿರುಗಿ, ‘ಯಾರಿಗಾದ್ರೂ ಹುಷಾರಿಲ್ವಾ?’ ಅಂತ ಕೇಳಿದ. ಮಲಗು ಮಾರಾಯ ಅಂದರೆ ನಂಬಲೇ ಇಲ್ಲ. ಹನ್ನೆರಡರವರೆಗೂ ಎದ್ದೆದ್ದು ಬಂದು ‘ಹೊರಡಾಣ ಸಾರ್?’ ಅನ್ನುತ್ತಿದ್ದ. ಬೆಳಗ್ಗೆ ಬೆಳಕು ಹರಿದ ಮೇಲೆ ಜೋಗ, ಆಮೇಲೆ ಗೇರುಸೊಪ್ಪೆ ಕಾಡು, ಶರಾವತಿಯ ಪಕ್ಕದಲ್ಲೇ ಹೊನ್ನಾವರ. ರಾತ್ರಿ ಹೋಗುವವರಿಗೆ ಆ ಘಟ್ಟ ಬರೀ ತಿರುವು, ವಾಂತಿ. ಹಗಲು ಇಳಿದರೆ ಅದೇ ಅರ್ಧ ಪ್ರವಾಸ. ಮನೆಯಿಂದ ಕಟ್ಟಿಕೊಂಡು ಹೋದ ಕಡಕ್ ರೊಟ್ಟಿ ಹೊನ್ನಾವರ ಮುಟ್ಟುವಷ್ಟರಲ್ಲಿ ಕಡಲ ಗಾಳಿಗೆ ಮೆತ್ತಗಾಗಿರುತ್ತದೆ. ಶೇಂಗಾ ಚಟ್ನಿ ಮಾತ್ರ ದುರ್ಗದ ಮರ್ಯಾದೆ ಉಳಿಸುತ್ತದೆ.

ನಿದ್ದೆ ಮಾಡಿ ಹೋದವರಿಗೆ ಕಡಲ ಹತ್ತಿರವೂ ಬುದ್ಧಿ ನೆಟ್ಟಗಿರುತ್ತದೆ. ಕೆರೆಯಲ್ಲಿ ಈಜು ಕಲಿತ ಧೈರ್ಯ ಅಲ್ಲಿ ನಡೆಯುವುದಿಲ್ಲ. ಕೆರೆ ನೀರು ನಿಂತಲ್ಲೇ ನಿಂತಿರುತ್ತದೆ, ಕಡಲು ಕಾಲ ಕೆಳಗಿನ ಮರಳು ಸಮೇತ ಎಳೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಅವರದೂ ನಮ್ಮ ಹಾಗೇ ಬಯಲುಸೀಮೆ. ಇರುವುದು ಅರ್ಧ ಗಂಟೆ, ಬೇಗ ಇಳಿರಿ ಅಂತ ಅವಸರ ಮಾಡುವ ಗುಂಪುಗಳನ್ನು ಕಂಡಾಗ ನಮಗೆ ಎದೆ ಝಲ್ಲೆನ್ನುತ್ತದೆ.

ಒಂದು ದಿನ ಹೆಚ್ಚು ಎಲ್ಲಿಂದ ತರೋಣ ಅಂತ ಕೇಳುತ್ತೀರಿ. ಕೇಳಬೇಕಾದದ್ದೇ. ಮನೆಯಲ್ಲಿ ಹಸು ಕರೆಯುವವರಿಲ್ಲ, ಮೋಟರು ಕರೆಂಟು ಬರುವುದೇ ರಾತ್ರಿ, ಗಾರ್ಮೆಂಟಿನಲ್ಲಿ ರಜೆ ಕೊಡುವುದಿಲ್ಲ. ಹಾಗಾದರೆ ಊರು ಕಡಿಮೆ ಮಾಡಿ. ಎರಡು ದಿನಕ್ಕೆ ಐದು ದೇವಸ್ಥಾನ, ಮೂರು ಬೀಚು, ಒಂದು ಜಲಪಾತ ಅಂತ ಪಟ್ಟಿ ಮಾಡುವುದು ಯಾಕೆ? ಈ ಸಲ ಮುರ್ಡೇಶ್ವರ, ಮುಂದಿನ ಸಲ ಉಡುಪಿ. ದೇವರು ಎಲ್ಲೂ ಓಡಿಹೋಗುವುದಿಲ್ಲ. ಟಿಟಿ ಮಾತಾಡುವಾಗಲೇ ಮಾಲೀಕನಿಗೆ ಎರಡು ಪ್ರಶ್ನೆ ಕೇಳಿ: ಈ ಡ್ರೈವರ್ ಹಿಂದಿನ ಬಾಡಿಗೆ ಮುಗಿಸಿದ್ದು ಯಾವಾಗ, ರಾತ್ರಿ ಹತ್ತರಿಂದ ಐದರವರೆಗೆ ಗಾಡಿ ನಿಲ್ಲಿಸಿದರೆ ಎಷ್ಟು ಹೆಚ್ಚು ಕೊಡಬೇಕು. ಹೆಚ್ಚಾದದ್ದನ್ನು ಹನ್ನೆರಡು ತಲೆಗೆ ಹಂಚಿ ನೋಡಿ.

ಮತ್ತೆ ತೋಪಿನ ವಿಷಯ. ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿದರೆ ಪಹಣಿ ಫೋನಿನಲ್ಲೇ ಕಾಣುತ್ತದೆ. ನಿಮ್ಮೂರ ಗುಂಡುತೋಪಿನ ನಂಬರ್ ಹಿರಿಯರಿಗೋ ಗ್ರಾಮ ಆಡಳಿತ ಅಧಿಕಾರಿಗೋ ಗೊತ್ತಿರುತ್ತದೆ. ಮುಂದಿನ ಗ್ರಾಮ ಸಭೆಗೆ ಅದನ್ನು ತಗೊಂಡು ಹೋಗಿ ಕೇಳಿ: ಕಾಗದದಲ್ಲಿ ಎಷ್ಟು ಎಕರೆ ಇದೆ, ನೆಲದ ಮೇಲೆ ಎಷ್ಟು ಉಳಿದಿದೆ, ಅಲ್ಲಿ ನಾಲ್ಕು ಗಾಡಿ ನಿಲ್ಲುವಷ್ಟು ಜಾಗ ಸಿಗುತ್ತದೆಯೇ?