ಇದ್ಯಾವ 'ವೆಸ್ಟರ್ನ್' ಸ್ವಾಮಿ?

ಡಿಜೆ ಹಾಡು ಶುರುವಾದರೆ ಸಾಕು, ನಮ್ಮ ಹಿರಿಯರು "ಈ ಪಾಶ್ಚಾತ್ಯರ ಗಲಾಟೆ ನಮಗ್ಯಾಕೆ?" ಅಂತಾರೆ. ಹುಡುಗರು "ಅಂಕಲ್, ವೆಸ್ಟರ್ನ್ ಮ್ಯೂಸಿಕ್ ನಿಮಗೆ ಅರ್ಥ ಆಗಲ್ಲ ಬಿಡಿ" ಅಂತಾರೆ. ಮದರಾಸಿಗೆ ಬಂದು ಮೂವತ್ತೈದು ವರ್ಷವಾಯ್ತು, ಇಲ್ಲಿನ ಕನ್ನಡಿಗರಲ್ಲಿ ಈ ವಾದ ಕೇಳಿ ಕೇಳಿ ಸಾಕಾಗಿದೆ. ನನ್ನ ತಕರಾರು ಇಬ್ಬರ ಮೇಲೂ. ಬೈಯುವವರಿಗೂ ಮೆಚ್ಚುವವರಿಗೂ 'ವೆಸ್ಟರ್ನ್' ಅಂದರೆ ಬಿಳಿಯರು!

ಸ್ವಲ್ಪ ಚರಿತ್ರೆ ನೋಡಿ. 'ಹೌಸ್' ಸಂಗೀತ ಹುಟ್ಟಿದ್ದು ಷಿಕಾಗೋದ ಕಪ್ಪುಜನರ ನಡುವೆ. ಅಲ್ಲಿನ 'ವೇರ್‌ಹೌಸ್' ಕ್ಲಬ್ಬಿನಲ್ಲಿ 1977ರಿಂದ ಫ್ರಾಂಕಿ ನಕಲ್ಸ್ ರೆಕಾರ್ಡು ಹಾಕುತ್ತಿದ್ದ. ಕ್ಲಬ್ಬಿನ ಹೆಸರಿನ ಬಾಲವೇ ಸಂಗೀತದ ಹೆಸರಾಯಿತು. 'ಟೆಕ್ನೋ' ಕಟ್ಟಿದವರು ಡೆಟ್ರಾಯಿಟ್ ಕಡೆಯ ಮೂವರು ಕಪ್ಪು ಹುಡುಗರು: ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಅಲ್ಲಿ ಸೀಟು ತೋರಿಸುವ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗನೇ 1984ರಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ 'ಆನ್ ಅಂಡ್ ಆನ್' ಮಾಡಿದ. ಮೊಟ್ಟಮೊದಲ ಹೌಸ್ ರೆಕಾರ್ಡುಗಳಲ್ಲಿ ಅದೊಂದು.

ಅಷ್ಟು ದೂರ ಯಾಕೆ, ನಮ್ಮ ಕೋಡಂಬಾಕ್ಕಂಗೇ ಬನ್ನಿ. 1994ರ 'ಕಾದಲನ್' ಚಿತ್ರದಲ್ಲಿ ರೆಹಮಾನ್ ಕೊಟ್ಟ ರ‍್ಯಾಪ್ ಹಾಡು, ಪ್ರಭುದೇವನ ಕುಣಿತ ನೆನಪಿದೆಯಲ್ಲ? ಪ್ರಭುದೇವ ಮೈಸೂರಲ್ಲಿ ಹುಟ್ಟಿದವನು, ಮೂಗೂರು ಸುಂದರ್ ಮಾಸ್ತರರ ಮಗ. "ಇವ ನಮ್ಮೋನು" ಅಂತ ತಮಿಳು ಗೆಳೆಯರೆದುರು ನಾವೆಲ್ಲ ಎದೆಯುಬ್ಬಿಸಿದವರೇ. ಅವನಿಗೆ 'ಇಂಡಿಯನ್ ಮೈಕೆಲ್ ಜಾಕ್ಸನ್' ಅಂತ ಬಿರುದು ಕೊಟ್ಟೆವಲ್ಲ, ಆ ಬಿರುದೇ ಸಾಲಪತ್ರ! ರ‍್ಯಾಪ್, ಬ್ರೇಕ್‌ಡಾನ್ಸ್ ಎರಡೂ ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಗಳ ಬಡ ಕಪ್ಪು ಮತ್ತು ಪೋರ್ಟೊರಿಕೋ ಹುಡುಗರಿಂದ ಬಂದದ್ದು. 1973ರಲ್ಲಿ ಅಲ್ಲಿ ಅದಕ್ಕೆ ದಾರಿ ಮಾಡಿದ ಡಿಜೆ ಕೂಲ್ ಹರ್ಕ್ ಹುಟ್ಟಿದ್ದು ಜಮೈಕಾದಲ್ಲಿ.

ಸಾಲ ತಗೊಂಡದ್ದು ತಪ್ಪಲ್ಲ. ಕೊಟ್ಟವರ ತಾಳ ಬೇಕು, ಬಣ್ಣ ಬೇಡ ಅನ್ನೋದು ತಪ್ಪು. 2016ರ ಜನವರಿ 31ರಂದು ಬೆಂಗಳೂರಿನಲ್ಲಿ, ಇನ್ಯಾವನೋ ಆಫ್ರಿಕನ್ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳನ್ನು ಗುಂಪೊಂದು ಹೊಡೆಯಿತು. ಆ ರಾತ್ರಿ ಅದೇ ಊರಿನ ಪಬ್ಬುಗಳಲ್ಲಿ ಯಾರ ತಾಳಕ್ಕೆ ಕುಣಿಯುತ್ತಿದ್ದರೋ!

ಅವರು ಹೊರಗಿನವರು ಅಂತೀರಾ? ಹಾಗಾದರೆ ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳು? ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದ ಆಫ್ರಿಕನ್ನರ ವಂಶದವರು ಅವರಲ್ಲಿ ಬಹಳ ಮಂದಿ. ಡಮಾಮಿ ಬಾರಿಸಿ ಅವರು ಕುಣಿಯುವುದನ್ನು ಒಮ್ಮೆ ನೋಡಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003ರ ತನಕ ಕಾಯಬೇಕಾಯ್ತು. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತು ಹೊಕ್ಕದ್ದು 2020ರಲ್ಲಿ.

ಡಿಜೆ ನಿಲ್ಲಿಸಿ ಅನ್ನುವವನಲ್ಲ ನಾನು. ಹಾಡು ಹಾಕುವ ಮೊದಲು ಇದು ಯಾರದ್ದು ಅಂತ ಮೈಕಿನಲ್ಲಿ ಒಂದು ಮಾತು ಹೇಳಿ. ಒಂದು ವರ್ಷವಾದರೂ ಡಮಾಮಿ ತಂಡವನ್ನು ಚೆನ್ನೈಗೆ ಕರೆಸಿ. ಬರೀ ಶಾಲು ಹೊದೆಸಿ ಕಳಿಸಬೇಡಿ. ಡಿಜೆಗೆ ಕೊಡುವಷ್ಟೇ ದುಡ್ಡು ಕೊಡಿ.

ಏನಂತೀರಿ?