ಬಾಗಿಲು ಮುಚ್ಚಿದ್ದನ್ನು ಹೇಳದ ಸುದ್ದಿಮನೆಗಳು

2025ರ ಜೂನ್ 23ರ ರಾತ್ರಿ ಕತಾರಿನ ಅಲ್ ಉದೈದ್ ವಾಯುನೆಲೆಯ ಮೇಲೆ ಇರಾನ್ ಕ್ಷಿಪಣಿ ದಾಳಿ ನಡೆಸಿತು. ಕೊಲ್ಲಿ ದೇಶಗಳು ಒಂದೊಂದಾಗಿ ವಾಯುಮಾರ್ಗ ಮುಚ್ಚಿದವು. ಉಡುಪಿ ಜಿಲ್ಲೆಯ ಶಿರೂರು, ಬೈಂದೂರು, ಗಡಿ ದಾಟಿದರೆ ಭಟ್ಕಳ: ಮಗನೋ ಅಳಿಯನೋ ಗಲ್ಫಿನಲ್ಲಿರುವ ಮನೆಗಳಿಗೆ ಆ ಹೊತ್ತಿಗೆ ತಿಳಿಯಬೇಕಿದ್ದದ್ದು ಇಷ್ಟೇ. ಆ ನೆಲೆ ದೋಹಾದಿಂದ ಎಷ್ಟು ದೂರ? ವಿಮಾನ ಮತ್ತೆ ಯಾವಾಗ? ರಾಯಭಾರ ಕಚೇರಿಯ ನಂಬರ್ ಯಾವುದು? ‘ಅಲ್ ಎಂತ ಆಯ್ತಂಬ್ರ್?’ ಎಂದು ಕೇಳುವ ತಾಯಿಗೆ ಟಿವಿ ಕೊಟ್ಟ ಉತ್ತರ ಮೂರನೇ ಮಹಾಯುದ್ಧ.

ಅಬ್ಬರ ಇಲ್ಲದಿದ್ದರೆ ಹೊರದೇಶದ ಯುದ್ಧವನ್ನು ನಮ್ಮ ಜನ ನೋಡುವುದಿಲ್ಲ ಎಂಬ ಸಮರ್ಥನೆ ಸುದ್ದಿಮನೆಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಇದು ಕರಾವಳಿಗೆ ಮಾಡುವ ಅವಮಾನ. ಈ ಭಾಗದ ಒಂದು ಓಣಿಯವರು ಕುವೈತಿನಲ್ಲಿ ದುಡಿದರೆ ಇನ್ನೊಂದು ಓಣಿಯವರು ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುತ್ತಾರೆ. ಹಾಗಾಗಿ ಎರಡೂ ಕಡೆ ಫೋನ್ ಎತ್ತಿ ಕನ್ನಡದಲ್ಲೇ ಮಾತಾಡುವವರಿದ್ದಾರೆ. ಅವರನ್ನು ಕೇಳುವುದು ಬಿಟ್ಟು ಬೆಂಗಳೂರಿನ ಸ್ಟುಡಿಯೋದಲ್ಲಿ ಕುಳಿತವರು ನಕ್ಷೆಯ ಮೇಲೆ ಬಾಂಬು ಹಾಕುತ್ತಾರೆ.

ಎಲ್ಲಕ್ಕಿಂತ ದೊಡ್ಡ ಅಪರಾಧ ಗಾಜಾ ವಿಷಯದ್ದು. 2023ರ ಅಕ್ಟೋಬರಿನಿಂದ ಎರಡು ವರ್ಷವಿಡೀ ಹೊರದೇಶದ ಪತ್ರಕರ್ತರು ಸ್ವತಂತ್ರವಾಗಿ ಗಾಜಾ ಪ್ರವೇಶಿಸಲು ಇಸ್ರೇಲ್ ಬಿಡಲಿಲ್ಲ. ಸೇನೆಯೇ ಕರೆದೊಯ್ದು, ಸೇನೆ ತೋರಿಸಿದಷ್ಟನ್ನು ನೋಡಿ ಮರಳಬೇಕಿತ್ತು. ವಿದೇಶಿ ಪತ್ರಕರ್ತರ ಸಂಘ ಇಸ್ರೇಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಗಾಜಾ ಯುದ್ಧದ ಬಗ್ಗೆ ಬರುವ ಪ್ರತಿ ವರದಿಯ ಮೊದಲ ಸಾಲಾಗಬೇಕಿದ್ದ ಸಂಗತಿಯಿದು. ಕನ್ನಡದ ಎಷ್ಟು ಬುಲೆಟಿನ್‌ಗಳಲ್ಲಿ ಅದು ಬಂತು? ಬಾಗಿಲು ಮುಚ್ಚಿದೆ ಎಂದು ಹೇಳದೆ ಒಳಗಿನ ಕತೆ ಹೇಳುವುದು ನೋಡುಗರಿಗೆ ಮಾಡುವ ಮೋಸ.

ಹಾಗಾದರೆ ಪರದೆಯ ಮೇಲೆ ಕಾಣುವ ಗಾಜಾದ ದೃಶ್ಯಗಳು ಯಾರವು? ಅಲ್ಲೇ ಹುಟ್ಟಿ, ಅಲ್ಲೇ ಹಸಿದು, ಅಲ್ಲೇ ಸತ್ತ ಪ್ಯಾಲೆಸ್ಟೀನಿ ಪತ್ರಕರ್ತರವು. ಎರಡು ವರ್ಷಗಳಲ್ಲಿ ಅವರಲ್ಲಿ 200ಕ್ಕೂ ಹೆಚ್ಚು ಮಂದಿ ಕೊಲ್ಲಲ್ಪಟ್ಟರು. 2025ರ ಆಗಸ್ಟ್ 10ರಂದು ಅಲ್ ಜಜೀರಾದ ಅನಸ್ ಅಲ್ ಶರೀಫ್. ಅದೇ ತಿಂಗಳ 25ರಂದು ಖಾನ್ ಯೂನಿಸ್‌ನ ನಾಸರ್ ಆಸ್ಪತ್ರೆಯಲ್ಲಿ ಐವರು. ಅವರಲ್ಲಿ ಹುಸಾಮ್ ಅಲ್ ಮಸ್ರಿ ರಾಯ್ಟರ್ಸ್‌ಗಾಗಿ ನೇರದೃಶ್ಯ ಕಳಿಸುತ್ತಿದ್ದವರು. ಇಂಥವರ ದೃಶ್ಯಗಳನ್ನು ಬಳಸಿಕೊಂಡವರಿಗೆ ಅವರ ಹೆಸರು ಓದುವಷ್ಟು ಪುರುಸೊತ್ತು ಇರಲಿಲ್ಲ. ಹಿನ್ನೆಲೆಯದೂ ಇದೇ ಕತೆ. ಪಶ್ಚಿಮ ದಂಡೆ 1967ರಿಂದ ಇಸ್ರೇಲಿನ ಆಕ್ರಮಣದಡಿ ಇದೆ, ಆ ಆಕ್ರಮಣ ಕಾನೂನುಬಾಹಿರ ಎಂದು 2024ರ ಜುಲೈ 19ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಿದೆ, ಪ್ಯಾಲೆಸ್ಟೀನ್ ರಾಷ್ಟ್ರವನ್ನು ಭಾರತ 1988ರಲ್ಲೇ ಮಾನ್ಯ ಮಾಡಿದೆ. ಇವು ಚರ್ಚೆಗೆ ಬರುವುದೇ ಇಲ್ಲ. ಧರ್ಮ ನೋಡಿ ಪಕ್ಷ ಹಿಡಿಯುವವರಿಗೆ ಇತಿಹಾಸ ಅಡ್ಡ ಬರುತ್ತದೆ.

ಕರಾವಳಿಯವರಿಗೆ ಆಕ್ರಮಣ ಎಂದರೇನೆಂದು ಹೊಸದಾಗಿ ಕಲಿಸಬೇಕಿಲ್ಲ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನರ ಸೇನೆ ಕುವೈತಿಗೆ ನುಗ್ಗಿತು. ದುಡಿದ ದುಡ್ಡು ಬ್ಯಾಂಕಿನಲ್ಲೇ ಉಳಿಯಿತು. ಅಲ್ಲಿ ಸಿಕ್ಕಿಬಿದ್ದ ಸುಮಾರು 1.7 ಲಕ್ಷ ಭಾರತೀಯರಲ್ಲಿ ಹೆಚ್ಚಿನವರು ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಬಂದರು. ಅದೇ ವರ್ಷದ ಅಕ್ಟೋಬರಿನಲ್ಲಿ 15 ವರ್ಷದ ನಯೀರಾ ಎಂಬ ಹುಡುಗಿ ಅಮೆರಿಕದ ಸಂಸದರ ಮುಂದೆ ಅತ್ತಳು: ಇರಾಕಿ ಸೈನಿಕರು ಇನ್‌ಕ್ಯುಬೇಟರಿನಿಂದ ಶಿಶುಗಳನ್ನು ಎತ್ತಿ ನೆಲದ ಮೇಲೆ ಹಾಕಿದರಂತೆ. ಜಗತ್ತಿನ ಮಾಧ್ಯಮ ನಂಬಿತು, ಅಧ್ಯಕ್ಷ ಬುಷ್ ಮತ್ತೆ ಮತ್ತೆ ಹೇಳಿದರು, ಯುದ್ಧ ನಡೆಯಿತು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಸಾಕ್ಷ್ಯದ ಹಿಂದೆ ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಕಂಪನಿಯಿತ್ತು ಎಂಬುದು ಹೊರಬಿದ್ದದ್ದು 1992ರಲ್ಲಿ. ಇರಾಕ್ ಮಾಡಿದ ಕ್ರೌರ್ಯ ನಿಜವೇ ಆಗಿತ್ತು. ಅದಕ್ಕೆ ಸುಳ್ಳಿನ ನೆರವು ಬೇಕಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಹಮಾಸ್ ನಡೆಸಿದ ಹತ್ಯಾಕಾಂಡವೂ ನಿಜ. ಆದರೂ ತಲೆ ಕಡಿದ ನಲವತ್ತು ಶಿಶುಗಳ ದೃಢಪಡದ ಕತೆ ಒಂದೇ ದಿನದಲ್ಲಿ ಲೋಕ ಸುತ್ತಿತು. ಮೂವತ್ಮೂರು ವರ್ಷಗಳ ಹಿಂದಿನ ಪಾಠ ಯಾರಿಗೂ ನೆನಪಾಗಲಿಲ್ಲ.

ಉಕ್ರೇನ್ ಯುದ್ಧದ ಸುಳ್ಳು ಶೀರ್ಷಿಕೆಗಳ ಬಗ್ಗೆ 2022ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವೇ ಖಾಸಗಿ ವಾಹಿನಿಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಆದರೂ 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದ ವೇಳೆ ದೇಶದ ದೊಡ್ಡ ದೊಡ್ಡ ವಾಹಿನಿಗಳು ಕರಾಚಿ ಬಂದರನ್ನು ನಮ್ಮ ನೌಕಾಪಡೆ ನಾಶ ಮಾಡಿತೆಂದು ಸಾರಿದವು. ಬೆಳಗಾದರೆ ಬಂದರು ಅಲ್ಲೇ ಇತ್ತು.

ಹೊರದೇಶದ ಮಾತು ಬಿಡಿ. 2024ರ ಜುಲೈ 16ರಂದು ಇನ್ನೊಂದು ಶಿರೂರಿನಲ್ಲಿ, ಅಂಕೋಲಾದ ಹೆದ್ದಾರಿಯಲ್ಲಿ, ಗುಡ್ಡ ಕುಸಿಯಿತು. ಕೇರಳದ ಒಬ್ಬ ಲಾರಿ ಚಾಲಕನಿಗಾಗಿ ಮಲಯಾಳಂ ವಾಹಿನಿಗಳು ಗಂಗಾವಳಿ ದಂಡೆಯಲ್ಲಿ ದಿನಗಟ್ಟಲೆ ಬೀಡುಬಿಟ್ಟವು. ಹೆದ್ದಾರಿ ಬದಿಯ ಚಹಾದಂಗಡಿಯೊಂದಿಗೇ ಅಳಿದ ನಮ್ಮವರ ಕುಟುಂಬಕ್ಕೆ ಕನ್ನಡದ ವಾಹಿನಿಗಳು ಕೊಟ್ಟ ಹೊತ್ತು, ಜೈಲು ಸೇರಿದ ನಟನೊಬ್ಬನಿಗೆ ಕೊಟ್ಟದ್ದರ ಮುಂದೆ ಏನೇನೂ ಅಲ್ಲ. ಮನೆಯಂಗಳದ ಸಾವಿನ ಬಳಿ ನಿಲ್ಲದವರು ಗಾಜಾದ ಬಳಿ ನಿಲ್ಲುವುದು ಹೇಗೆ?

ಮಲಯಾಳಂ ವಾಹಿನಿಗಳು ಗಲ್ಫಿನಲ್ಲಿ ವರದಿಗಾರರನ್ನು ಇಟ್ಟು ದಶಕಗಳೇ ಆದವು. ಕರಾವಳಿಯ ಇಷ್ಟು ಮಂದಿ ಅಲ್ಲಿ ದುಡಿಯುವಾಗ ಕನ್ನಡದವರೂ ದುಬೈಯಲ್ಲಿ ಒಬ್ಬರನ್ನು, ಕುವೈತಿನಲ್ಲಿ ಒಬ್ಬರನ್ನು ನೇಮಿಸಲಿ. ಅದು ಆಗುವ ತನಕ, ದೃಶ್ಯ ತೆಗೆದವರ ಹೆಸರು, ತೆಗೆದ ದಿನ, ಸುದ್ದಿ ಯಾವ ಸೇನೆಯ ಹೇಳಿಕೆ ಎಂಬುದನ್ನು ಪ್ರತಿ ಚಿತ್ರದ ಕೆಳಗೆ ಬರೆಯಲಿ. ಅದಕ್ಕೆ ಹೊಸ ಸ್ಟುಡಿಯೋವೂ ಬೇಡ, ಗ್ರಾಫಿಕ್ಸೂ ಬೇಡ.